ನಲವತ್ತೊಂದನೇ ಸೀಸೆ

ಚಿಂತಾಮಣಿಯ ಕಾಲೇಜು, ಪ್ರಾಣಿಶಾಸ್ತ್ರದ ಕೋಣೆ.
ನಲವತ್ತೊಂದನೇ ಸೀಸೆಯ ಚೀಟಿ ಹೇಳುತ್ತದೆ:
ಕೊಂಬಿನ ಮಂಡಲ. ಸಹಾರಾ.
ಬರೆದವರು ವೈಕುಂಠಯ್ಯ ಮೇಷ್ಟ್ರು.
ಅಂದು ನೀಲಿ ಶಾಯಿ, ಇಂದು ಆರಿದ ಟೀ ಬಣ್ಣ.

ಒಳಗೆ ಸುತ್ತಿಕೊಂಡಿರುವುದಕ್ಕೆ ಕೊಂಬಿಲ್ಲ.

ವರ್ಷವರ್ಷವೂ ಹೊಸ ಮಕ್ಕಳು ಬರುತ್ತಾರೆ,
ಗಾಜಿಗೆ ಮೂಗೊತ್ತಿ ಕೇಳುತ್ತಾರೆ: ಕೊಂಬೆಲ್ಲಿ ಮೇಡಂ?
ನಾನು ಮೇಡಂ ಅಲ್ಲ, ಅಟೆಂಡರ್.
ಧೂಳು ಒರೆಸುತ್ತೇನೆ, ಇಳಿದ ಫಾರ್ಮಲಿನ್ ತುಂಬುತ್ತೇನೆ.
ಆದರೂ ಇಪ್ಪತ್ತೆರಡು ವರ್ಷ ಬಾಗಿಲ ಹಿಂದೆ ನಿಂತವಳು,
ಕಿವಿಗೆ ಬಿದ್ದ ಪಾಠ ಎಲ್ಲಿ ಹೋಗುತ್ತದೆ?
ಹೇಳುತ್ತೇನೆ: ಆ ಮರಳಿನಲ್ಲಿ
ಒಂದೇ ತಾಯಿ ಇಟ್ಟ ಮೊಟ್ಟೆಗಳಲ್ಲಿ
ಒಂದು ಮರಿಗೆ ಕಣ್ಣ ಮೇಲೆ ಮುಳ್ಳು, ಇನ್ನೊಂದು ಬೋಳು.
ಕೊಂಬು ನೋಡಿ ಜಾತಿ ಮಾಡಬೇಡಿ.
ಹಿಂದಿನ ಬೆಂಚಿನವನೊಬ್ಬ ಅಂದ:
ಮತ್ತೆ ಇದಕ್ಕೇನು ಎರಡು ಕೊಂಬಿದೆ ಅಂತ
ಸೀಸೆಯಲ್ಲಿ ಕೂರಿಸಿದ್ದೀರಿ?
ನಕ್ಕರು. ನಾನೂ ನಕ್ಕೆ.

ಗೋಡೆಯ ನಕ್ಷೆಯಲ್ಲಿ ಮೇಷ್ಟ್ರ ಪೆನ್ಸಿಲ್ ಗೆರೆ
ಮೊರಾಕೊದಲ್ಲಿ ಹೊರಟು, ಈಜಿಪ್ಟಿನ ಮರಳು ದಾಟಿ,
ಅರಬ್ಬರ ಸೀಮೆಯಲ್ಲಿ ಅದೇ ಕುಲದ ಬೇರೆ ಹೆಸರಾಗಿ,
ಇರಾನಿನ ಅಂಚಿಗೆ ಬಂದು ದಣಿದು ನಿಲ್ಲುತ್ತದೆ.
ನಮ್ಮೂರು ಅದರಲ್ಲಿ ಕಾಣುವುದಿಲ್ಲ.
ನಮ್ಮೂರಿರುವ ಕಡೆ ನಕ್ಷೆಗೆ ಹೊಡೆದ ಮೊಳೆ ಇದೆ.

ಸೀಸೆಗಳಿಗೆ ಮುಚ್ಚಳ ಕತ್ತರಿಸಿಕೊಡಲು ಬರುತ್ತಾನೆ
ಗಾಜಿನಂಗಡಿ ಖುದ್ದೂಸ್.
ಒಂಬತ್ತು ವರ್ಷ ರಿಯಾದಿನಲ್ಲಿ ಲಾರಿ ಓಡಿಸಿದವನು.
ಒಂದು ರಾತ್ರಿ ಪಂಕ್ಚರ್ ಆಯಿತಂತೆ.
ಇಳಿದು ಜಾಕ್ ಹುಡುಕುವಾಗ ಕಾಲ ಹತ್ತಿರ ಸದ್ದು:
ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ.
"ಅಕ್ಕಾ, ಚಿಕ್ಕವನಿದ್ದಾಗ ಅಂಬಾಜಿದುರ್ಗದ ಬಂಡೆಗಳಲ್ಲಿ
ಸೀತಾಫಲ ಕದಿಯೋಕೆ ಹೋಗಿ ಕೇಳಿದ ಸದ್ದು, ಅದೇ.
ನಾನು ಯೋಚನೆ ಮಾಡೋ ಮೊದಲೇ
ಕಾಲು ತಾನಾಗಿ ನಿಂತುಬಿಟ್ಟಿತು.
ಟಾರ್ಚ್ ಹಾಕಿದರೆ, ತಲೆ ಮೇಲೆ ಎರಡು ಮುಳ್ಳು.
ಸದ್ದು ನಮ್ಮೂರದ್ದು, ಮುಖ ಮಾತ್ರ ಪರದೇಶ."

ಹುರುಪೆಗೆ ಹುರುಪೆ ಉಜ್ಜುವುದು ಎರಡಕ್ಕೂ ಬರುತ್ತದೆ.
ಪುಸ್ತಕದಲ್ಲಿ ಅವು ಬೇರೆ ಬೇರೆ ಕುಲ,
ಒಂದೇ ದೊಡ್ಡ ಮನೆತನದ ಎರಡು ಒಲೆ.

ಸೀಸೆಯನ್ನು ಬೆಳಕಿಗೆ ಹಿಡಿದು ಅವನು ಅಂದ: ಇದು ಅದಲ್ಲ.

ಶನಿವಾರ ಎಲ್ಲರೂ ಹೋದ ಮೇಲೆ ಮುಚ್ಚಳ ತೆಗೆದೆ.
ಕಣ್ಣುರಿ. ಚಿಮಟದಲ್ಲಿ ಬಾಲ ಹಿಡಿದು ತಿರುವಿದೆ.
ಕೊಂಬಿನದಕ್ಕೆ ಬಾಲದಡಿ ಹುರುಪೆ ಜೋಡಿ ಜೋಡಿ,
ನಮ್ಮ ಉರಿಮಂಡಲಕ್ಕೆ ಒಂಟಿ ಸಾಲು.
ಎಣಿಸಿದೆ. ಇಪ್ಪತ್ತೊಂಬತ್ತು.
ಮತ್ತೆ ಎಣಿಸಿದೆ. ಒಂದಕ್ಕೂ ಜೊತೆಯಿಲ್ಲ.
ಬಿಳುಚಿದ ನೆತ್ತಿಯ ಮೇಲೆ, ನೋಡಬೇಕೆಂದರೆ ಕಾಣುತ್ತದೆ,
ಹಕ್ಕಿ ಹೆಜ್ಜೆಯ ಗುರುತು.

ಇನ್ಸ್‌ಪೆಕ್ಷನ್ ದಿನ ನಿಜವಾದದ್ದು ಒಡೆದುಹೋಗಿತ್ತೋ,
ನಿಜವಾದದ್ದು ಬರಲೇ ಇಲ್ಲವೋ,
ನೀಲಗಿರಿ ತೋಪಿನಲ್ಲಿ ಯಾರೋ ಹೊಡೆದು ತಂದದ್ದಕ್ಕೆ
ಮೇಷ್ಟ್ರು ಒಂದು ಮರುಭೂಮಿ ಬರೆದುಕೊಟ್ಟರೋ.
ರೈಲನ್ನೂ ಹತ್ತದ ಹಾವು
ಇಷ್ಟು ವರ್ಷ ಸಹಾರಾದಲ್ಲಿತ್ತು.
ಬೈಯಬೇಕೆನಿಸಲಿಲ್ಲ. ಅವರ ಅಕ್ಷರ ಅಷ್ಟು ದುಂಡಗಿತ್ತು.

ಹೊಸ ಚೀಟಿ ಕತ್ತರಿಸಿದೆ. ಉರಿಮಂಡಲ, ಎಂದು ಬರೆದೆ.
ಆ ಹೆಸರಿನಲ್ಲಿ ಎಲ್ಲೂ ಕೊಂಬು ಬರುವುದಿಲ್ಲ.
ಪಕ್ಕದಲ್ಲಿ ಹಾವು ಎಂದು ಸೇರಿಸಿದೆ:
ವಕ್ಕೆ ಕೊಂಬು ಕೊಟ್ಟರೆ ವು.
ಊರು ಬೇಕಲ್ಲ, ಖುದ್ದೂಸನ ಬಂಡೆ ನೆನೆದು ಅಂಬಾಜಿದುರ್ಗ:
ದಕ್ಕೆ ಕೊಂಬು ಕೊಟ್ಟರೆ ದು.
ಅದು ಊಹೆ, ಆದ್ದರಿಂದ ಕೊನೆಗೊಂದು ಪ್ರಶ್ನೆಚಿಹ್ನೆ.
ಕೇಳುವ ಮಕ್ಕಳು ಇನ್ನು ಎಣಿಸಿಕೊಳ್ಳಲಿ,
ಲೆಕ್ಕಕ್ಕೆ ಸರಿಯಾಗಿ ಎರಡಿವೆ.

ಸ್ಟಾಕ್ ಬುಕ್ಕಿನಲ್ಲಿ ಮಾತ್ರ ಸಹಾರಾ ಹಾಗೇ ಇದೆ.
ಅಲ್ಲಿ ಹೊಡೆದುಹಾಕಲು
ಅಟೆಂಡರಿಗೆ ಅಧಿಕಾರವಿಲ್ಲ.