ಬಲಗಾಲು ಮಾತ್ರ

ಸ್ಯಾಂಪಲ್ ಅಂದರೆ ಒಂದೇ ಶೂ. ಬಲಗಾಲಿಂದು.
ಸೈಜು ನಲವತ್ತೆರಡು.
ಎಡಗಾಲಿಂದು ಅವರು ಯಾವತ್ತೂ ಕೇಳಿಲ್ಲ,
ನಾವೂ ಹೊಲಿದಿಲ್ಲ.

ಒಂಬತ್ತು ವರ್ಷ ಜೀನ್ಸ್ ಹೊಲಿದ ಕೈ ನನ್ನದು,
ಕೌಲ್ ಬಜಾರಿನ ಮಹಡಿಯ ಮೇಲೆ.
ಉಗುರುಸಂದಿಯ ನೀಲಿ ಹಬ್ಬಕ್ಕೂ ಬಿಡುತ್ತಿರಲಿಲ್ಲ.
ಮುಂಡರಗಿ ಕಡೆ ಶೂ ಕಂಪನಿ ಬಂದಾಗ
ಹೊನ್ನೂರಬಿ ಅಂದಳು: ದಾರ ದಾರಾನೇ ಅಲ್ಲೇನೆ, ಬಾ.
ಅಲ್ಲ.
ಬಟ್ಟೆಯಲ್ಲಿ ತಪ್ಪಿದರೆ ಬಿಚ್ಚಬಹುದು,
ತೊಗಲಲ್ಲಿ ಸೂಜಿ ಹೊಕ್ಕ ತೂತು
ಮುಚ್ಚುವುದಿಲ್ಲ.

ಕಪಾಟಿನ ತುಂಬ ಹಸಿರು ಪ್ಲಾಸ್ಟಿಕ್ಕಿನ ಪಾದಗಳು.
ಬೆರಳಿಲ್ಲ, ಹಿಮ್ಮಡಿಯಲ್ಲಿ ಒಡಕಿಲ್ಲ,
ನಮ್ಮೂರ ಬಿಸಿಲು ತುಳಿದವಲ್ಲ.
ಕುಡತಿನಿ ಸಂತೆಯಲ್ಲಿ ನಮ್ಮ ದೊಡ್ಡಪ್ಪ
ಹಳೇ ಪೇಪರಿನ ಮೇಲೆ ಕಾಲು ಇಡಿಸಿ
ಸುತ್ತ ಪೆನ್ಸಿಲ್ ಎಳೆಯುತ್ತಿದ್ದ,
ಕಚಗುಳಿಯಾಗಿ ಮಕ್ಕಳು ನಗೋವು.
ಚಪ್ಪಲಿ ಕಚ್ಚಿದರೆ ಮನೆ ಬಾಗಿಲಿಗೇ ಬಂದು ಬಯ್ಯೋರು.
ಇಲ್ಲಿ ಕಚ್ಚಿದರೆ ಮೇಲ್ ಬರುತ್ತದೆ.

ಏಪ್ರಿಲ್ಲಿನಲ್ಲೂ ಒಂದು ಬಂತು:
ಜೋಡಿಗೆ ಹನ್ನೊಂದು ಸೆಂಟು ಇಳಿಸಿ,
ಇಲ್ಲವಾದರೆ ವಿಯೆಟ್ನಾಂ ಇದೆ.
ಕೆಳಗೆ, ಬೆಚ್ಚನೆಯ ವಂದನೆಗಳು.
ಬಳ್ಳಾರಿಗೆ, ಏಪ್ರಿಲ್ಲಿನಲ್ಲಿ, ಬೆಚ್ಚನೆಯದು!

ಕಾಸ್ಟಿಂಗಿನ ಗವಿಸಿದ್ದಯ್ಯ ಕೆಂಪು ಪೆನ್ನು ಹಿಡಿದು ಕೂತ.
ಒಳಗಿನ ಫೋಮು ಒಂದು ಮಿಲಿ ತೆಳು, ನಾಲ್ಕು ಸೆಂಟು.
ಡಬ್ಬಿಯ ಟಿಶ್ಯೂ ತೆಗೆದರೆ ಒಂದು.
ತೊಗಲು ಮುಟ್ಟಂಗಿಲ್ಲ,
ಅವರೇ ಹೆಸರಿಸಿದ ಟ್ಯಾನರಿ, ಅವರೇ ಕಟ್ಟಿದ ದರ.
ಸೋಲು ಮುಟ್ಟಂಗಿಲ್ಲ.
ಲೋಗೋ, ದೇವರಾಣೆ, ಮುಟ್ಟಂಗಿಲ್ಲ.
ಮುಟ್ಟೋದಕ್ಕೆ ಉಳಿದಿರೋದು ಅಂದರೆ, ಅಂತ ತಲೆ ಎತ್ತಿ
ನಮ್ಮ ಲೈನಿನ ಕಡೆ ನೋಡಿದ.
ನೋಡೇ ಇಲ್ಲ ಅನ್ನೋ ಹಾಗೆ
ಆಮೇಲೆ ಫ್ಯಾನು ನೋಡಿದ.

ಗಂಟೆಗೆ ಐವತ್ತೆರಡಿದ್ದದ್ದು ಐವತ್ತೆಂಟಾಯಿತು.

ಮೇನಲ್ಲಿ ಬಯರ್ ಮೇಡಂ ಬಂದರು.
ಹಿಂದಿನ ದಿನ ಕಕ್ಕಸಿನ ಬಾಗಿಲಿಗೆ ಚಿಲಕ ಬಂತು,
ಗೋಡೆಗೆ ನಮ್ಮ ಹಕ್ಕುಗಳು ಬಂದವು, ಲ್ಯಾಮಿನೇಷನ್ ಸಮೇತ.
ಹಾಕಿಕೊಂಡು ನಡೆದು ತೋರಿಸಲು
ನಲವತ್ತೆರಡರ ಕಾಲು ಬೇಕು ಅಂದರು.
ಇದ್ದದ್ದು ಗೇಟಿನ ಯಂಕೋಬನದು.

ಬಲಗಾಲಿಗೆ ಹೊಸ ಶೂ, ಎಡಗಾಲಿಗೆ ಅವನ ಹವಾಯಿ.
ಹತ್ತು ಹೆಜ್ಜೆ ಹೋದ, ಹತ್ತು ಹೆಜ್ಜೆ ಬಂದ,
ಲಗ್ನದಲ್ಲಿ ತಾಟು ಹಿಡಿದವನ ಥರ ಜ್ವಾಕಿ.
ಹೇಗಿದೆ, ಕೇಳಿದರು ಮೇಡಂ.
‘ಎಡಗಾಲು ಕೇಳಕತ್ತೈತ್ರೀ, ನನ್ನದೆಲ್ಲಿ ಅಂತ.’
ಮ್ಯಾನೇಜರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು:
ಬಹಳ ಹಿತವಾಗಿದೆಯಂತೆ.
ಮೇಡಂ ಬರೆದುಕೊಂಡರು.

ಆರ್ಡರ್ ಬಂತು. ನಲವತ್ತು ಸಾವಿರ ಜೋಡಿ.
ಸ್ಯಾಂಪಲ್ಲನ್ನು ನಿಯಮದ ಪ್ರಕಾರ
ಯಾರೂ ತೊಡದ ಹಾಗೆ ಬ್ಲೇಡಿನಲ್ಲಿ ಸೀಳಿದೆ.
ಸೀಳಿದ್ದಕ್ಕೆ ಫೋಟೋ, ಫೋಟೋಗೆ ಸಹಿ.

ಸಂಜೆ ಗೇಟಿನಲ್ಲಿ ಯಂಕೋಬ
ನನ್ನ ಬುತ್ತಿ ಡಬ್ಬಿ ತೆರೆಸಿ ನೋಡಿದ.
ಅದೂ ನಿಯಮವೇ.
ಒಣಗಿದ ಪುಂಡಿಪಲ್ಯದ ಕಲೆ ಬಿಟ್ಟರೆ ಏನಿರಲಿಲ್ಲ.
ಹೋಗಕ್ಕ ಅಂದು ಸರಪಳಿ ಎತ್ತಲು ನಡೆದ,
ಒಂದು ಕಾಲು ಇನ್ನೂ ತುಸು ಎತ್ತರದಲ್ಲಿದ್ದ ಹಾಗೆ.