ತೊಗಲಿನಲ್ಲೊಂದು ತೂತು

ತಾನಾ ಸರೋವರದ ದಡದಲ್ಲಿ
ಆಡಿನ ತೊಗಲು ಹೆರೆಯುವುದು ಈಗ ನನ್ನ ಕೆಲಸ.
ಮೊದಲು ಈ ಕೈ ಬಂದೂಕು ಹಿಡಿದಿತ್ತು;
ಅದರ ಲೆಕ್ಕ ಇಲ್ಲಿ ಯಾರೂ ಕೇಳಿಲ್ಲ,
ನಾನೂ ಹೇಳಿಲ್ಲ.

ಬೆಳಿಗ್ಗೆ, ಚೌಕಟ್ಟಿಗೆ ಬಿಗಿದ ತೊಗಲಿನ ನಡುವೆ
ಹೆರೆದಷ್ಟೂ ಅಗಲವಾಯಿತು ಒಂದು ತೂತು.
ಉಣುಗು ಕಚ್ಚಿದ್ದೋ, ಮುಳ್ಳು ತರಚಿದ್ದೋ.
‘ಎಸೆಯಲೇ?’ ಅಂದೆ.
ಗುರು ಫಂತಾಹುನ್ ಬೆಳಕಿಗೆ ಹಿಡಿದರು;
ತೂತಿನಲ್ಲಿ ಅವರ ಒಂದು ಕಣ್ಣು.
‘ಆಡು ಬದುಕಿದ್ದಕ್ಕೆ ಗುರುತು. ಇರಲಿ.’

ಸುಟ್ಟ ಜವೆಯ ಮಸಿ, ಜೊಂಡಿನ ಲೆಕ್ಕಣಿಕೆ.
ಸಾಲು, ಕೊನೆಯ ದರ್ಶನದ್ದು:
ಕಣ್ಣೀರು ಒರೆಸಿಯಾದ ಮೇಲೆ
ಸಿಂಹಾಸನದಿಂದ ಬರುವ ಆ ಮಾತು.
‘ಹದ್ದಿಸ್’, ಅಂದರೆ ಹೊಸತು,
ಅಲ್ಲೇ ಎದುರಾಯಿತು ತೂತು.
ಒಂದಕ್ಷರ ಈ ದಂಡೆಗೆ,
ಉಳಿದೆರಡು ಆ ದಂಡೆಗೆ,
ನಡುವೆ ಬರೀ ಗಾಳಿ.

ಗುರು ಓದಿದರು, ಎಡವದೆ,
ಹೊಳೆ ದಾಟುವವರು ಕಲ್ಲಿನಿಂದ ಕಲ್ಲಿಗೆ
ಕಾಲಿಡುವ ಹಾಗೆ.

ಸಂಜೆ ಕೈ ತೊಳೆಯುವಾಗ
ಎಡತೋಳಿನ ಗುಂಡಿನ ಕಲೆ ಕಂಡಿತು.
ಎಂದಿನಂತೆ ಅಂಗಿಯ ತೋಳು ಇಳಿಸಲಿಲ್ಲ.
ಅದರ ಸುತ್ತ ಎಷ್ಟು ಜಾಗವಿದೆಯೆಂದು
ಬೆರಳಲ್ಲಿ ಅಳೆದೆ.

ನಾಳೆ, ಮಸಿ ಅರೆಯುತ್ತ,
ಆ ಲೆಕ್ಕ ಗುರುಗಳಿಗೆ ಹೇಳಬೇಕು.
ಮೊದಲನೆಯವನ ಹೆಸರು ನೆನಪಿದೆ.