ಗಟ್ಟಿ ಐತಿ, ಬಾ

ಬಾಯಿ ತೆರೀರಿ ಅಂದ್ರು, ತೆರದೆ.
ಇಪ್ಪತ್ತಾರು ವರ್ಷ ಹಟ್ಟಿಯ ನೆಲದ ಬಾಯೊಳಗ
ಇಳದು ಏರಿದಾಂವ ನಾನು, ಹುಸೇನಪ್ಪ,
ಡ್ರಿಲ್ಲರ್, ಟೋಕನ್ ನಂಬರ್ ಎಂಟುನೂರಾ ಹನ್ನೊಂದು.
ಈಗ ನನ್ನ ಬಾಯಿಗೆ
ಮತ್ತೊಬ್ಬರು ದೀಪ ಹಿಡಕೊಂಡು ಇಳೀತಾರ.

ರಾಯಚೂರಿನ ದವಾಖಾನಿ, ಮೂರನೇ ಮಾಳಿಗಿ,
ಕಿಟಕ್ಯಾಗ ಕೋಟಿಗುಡ್ಡ, ಬಿಸಿಲಿಗೆ ಬೆಳ್ಳಗ.
ಡಾಕ್ಟರಮ್ಮ ನಿಖತ್, ನನ್ನ ಮಗಳಿಗಿಂತ ಸಣ್ಣಾಕಿ,
ಎಕ್ಸರೇ ಬೆಳಕಿಗೆ ಹಿಡದು ಹೇಳಿದ್ಲು:
"ಎಡಗಡಿ ದವಡಿ ಕರಗೇತ್ರಿ ಕಾಕಾ.
ಹಲ್ಲು ಹೋದ ಎಲುಬು ಸುಮ್ಮನ ಕೂಡೂದಿಲ್ಲ,
ಕೆಲಸ ಇಲ್ಲಂತ ತಾನ ಸವೀತೈತಿ."
ರಿಟೈರು ಅಂದ್ರ ಏನಂತ ನನಗ ಯಾರೂ
ಇಷ್ಟು ಚೊಕ್ಕ ಹೇಳಿದ್ದಿಲ್ಲ.

ಟೊಳ್ಳು ತುಂಬಬೇಕು ಅಂದ್ಲು.
ಗೊತ್ತವ್ವಾ, ಅಂದೆ. ಅದಿರು ತಗದು ಖಾಲಿ ಬಿಟ್ರ
ಮ್ಯಾಲಿನ ಕಲ್ಲು ಕುಸೀತೈತಿ,
ಅರದು ಉಳದ ಉಸುಕು ತಿರುಗಿ ಒಳಗ ಸುರೀತೀವಿ.
"ಇಲ್ಲಿ ಉಸುಕು ನಿಮ್ಮ ಸೊಂಟದ್ದ," ಅಂದು ನಕ್ಕಳು.
ಸೊಂಟದ ಏಣಿನಿಂದ ಬೆರಳಗಲ ಎಲುಬು ಕೆತ್ತಿ
ದವಡ್ಯಾಗ ಕೂಡಿಸಿ, ಸಣ್ಣ ಮೊಳಿ ಹೊಡದು, ಹೊಲದ್ರು.
ಆ ಮ್ಯಾಲ ಬಾಳ ದಿನ ಕುಂಟಿದೆ.
"ಬಾಯಿ ಆಪರೇಷನ್ನಿಗೆ ಕುಂಟತೀ ಯಾಕಜ್ಜ?"
ಚಾದಂಗಡಿ ಹುಡುಗ ಕೇಳಿದ.
ಕೊಟ್ಟಾಂವ ಕುಂಟತಾನ, ಇಸಕೊಂಡಾಂವ ಉಬ್ಬತಾನ,
ಲೋಕಾ ಹಂಗ ಐತೆಪಾ, ಅಂದೆ.

ಅಮರವ್ವ ಒಂಬತ್ತು ವರ್ಷದಿಂದ
ರೊಟ್ಟಿ ಮುರದು ಬ್ಯಾಳಿಸಾರಿನ್ಯಾಗ ನೆನಿಸಿ ಕೊಡ್ತಾಳ.
ಬಾಜೂಕ ಕುಂತು ತಾನೂ ಅದನ್ನ ಉಣತಾಳ,
ಬಾಯಿತುಂಬ ಹಲ್ಲಿದ್ದಾಕಿ.
ಖಡಕ್ ರೊಟ್ಟಿ ಮುರಿಯೂ ಸದ್ದು ನಮ್ಮ ಮನ್ಯಾಗ
ಆಕಿ ತಮ್ಮ ಮೌನೇಶ ಸತ್ತ ವರ್ಷದಿಂದ ಇಲ್ಲ.

ಆಮ್ಯಾಲ ಬಂತು ಡ್ರಿಲ್. ನೀರು ಚಿಮುಕಿಸ್ತ,
ನಿಂತು ನಿಂತು ಕೊರದ್ಲು.
ಎಲುಬು ಕಾಯ್ದ್ರ ಸಾಯತೈತಿ, ಅದಕ್ಕ ನೀರು, ಅಂದ್ಲು.
ನಾವೂ ಕಲ್ಲಿಗೆ ನೀರ ಬಿಟ್ಟ ಕೊರೀತಿದ್ವಿ,
ಕಲ್ಲು ಸಾಯಬಾರದಂತಲ್ಲ,
ಧೂಳು ಕುಡದು ನಾವು ಸಾಯಬಾರದಂತ.
ಮೂರು ತೂತು. ಮೂರು ಟೈಟಾನಿಯಂ ಸ್ಕ್ರೂ,
ಗಣಿ ಚಾವಣಿಗೆ ಹೊಡಿಯೂ ಬೋಲ್ಟಿನ ಮರಿಮಕ್ಕಳು.
ಕಾಯ್ರಿ ಅಂದ್ಲು, ನಾಕು ತಿಂಗಳು.
ಎಲುಬು ಲೋಹಾನ ತನ್ನಾಂವ ಅಂತ ಒಪ್ಪಬೇಕು.
ಬೀಗತನ ಇದ್ದಂಗ, ಅವಸರ ಮಾಡಿದ್ರ ಮುರೀತೈತಿ.

ಇವತ್ತ ಬಾಯಿ ಕನ್ನಡಿಯ ಹಿಡಿ ತಿರುವಿ
ಒಂದೊಂದಕ್ಕ ಬಡದ್ಲು.
ಖಣ್.
ಖಣ್.
ಮೂರನೇದು, ಬೊದ್.

ಕುರ್ಚ್ಯಾಗ ನನ್ನ ಮೈ ತಣ್ಣಗಾತು.

ರಾತ್ರಿ ಪಾಳಿ. ಮುಗಿಯಾಕ ಅರ್ಧಾ ತಾಸು.
ಗಡಾರಿ ತಗೊಂಡು ಚಾವಣಿ ಬಡದಾಂವ ನಾನ.
ಬೊದ್ ಅಂದಂಗಾತು.
"ಹೆಂಗೈತಿ ಮಾವ?" ಕೆಳಗ ಮೌನೇಶ.
ಇನ್ನೊಮ್ಮೆ ಬಡೀಲಿಲ್ಲ.
ಗಟ್ಟಿ ಐತಿ, ಬಾ, ಅಂದೆ,
ಇದ ಬಾಯಿಲೆ.
ಕಲ್ಲು ನನ್ನ ದವಡಿ ಅಷ್ಟ ಒಯ್ತು.
ಅವನ್ನ ಪೂರ್ತಿ.
ಅಮರವ್ವಗ ಸದ್ದಿನ ಸುದ್ದಿ ಇವತ್ತಿಗೂ ಹೇಳಿಲ್ಲ.
ಹಲ್ಲಿಲ್ಲ, ಮಾತು ತೊದಲತೈತಿ ಅನ್ನೂದು
ಒಂಬತ್ತು ವರ್ಷ ಬಾಳ ಅನುಕೂಲ ಆತು.

ಡಾಕ್ಟರಮ್ಮ ಕನ್ನಡಿ ಕೆಳಗಿಟ್ಲು.
"ಇದೊಂದು ಕೂಡಿಲ್ಲ ಕಾಕಾ. ತಗೀಬೇಕು.
ಮತ್ತ ತುಂಬಬೇಕು, ಮತ್ತ ಕಾಯಬೇಕು."
ಹೊರಗ ಹದಿನೇಳು ಮಂದಿ ಚೀಟಿ ಹಿಡಕೊಂಡು ಕುಂತಾರ.
ಪಾಳಿ ಮುಗಿಯಾಕ ಆಕಿಗೂ ಅರ್ಧಾ ತಾಸು.
ಗಟ್ಟಿ ಐತಿ ಅಂತಂದು
ಮ್ಯಾಲ ಹಲ್ಲು ಕೂಡಿಸಿ ಕಳಿಸಬಹುದಿತ್ತು.

ಕಣ್ಣಾಗ ನೀರು ನೋಡಿ "ನೋವಾತೇನ್ರಿ?" ಅಂದ್ಲು.
ತೆರದ ಬಾಯಿಗೆ ಮಾತು ಬರೂದಿಲ್ಲ.
ಬೆರಳು ಮಾಡಿ ತೋರಿಸಿದೆ,
ಇನ್ನೊಮ್ಮೆ.

ಬಡದ್ಲು.
ಇಬ್ಬರೂ ಕೇಳಿದ್ವಿ.